ಎರಡು ದಿನದ ಮಹಾನಗರ: ಕುಟುಂಬದ ಕಿರುಪ್ರವಾಸಗಳನ್ನು ನೆನಪಿನಿಂದ ಮತ್ತೆ ಕಟ್ಟುವ ಬಗೆ

ಊರೊಂದರಲ್ಲಿ ವರ್ಷಗಟ್ಟಲೆ ಬಾಳಿದವರಿಗೆ ಅದರ ಬೀದಿಗಳು ಮರೆಯುವುದಿಲ್ಲ, ಏಕೆಂದರೆ ಒಂದೇ ಬೀದಿಯಲ್ಲಿ ಅವರು ನೂರಾರು ಬಾರಿ ನಡೆದಿರುತ್ತಾರೆ. ಮನೆಮಂದಿಯೆಲ್ಲ ಸೇರಿ ಎರಡು ಮೂರು ದಿನಗಳ ಮಟ್ಟಿಗೆ ಹೋಗಿಬಂದ ಮಹಾನಗರದ ವಿಷಯ ಹಾಗಲ್ಲ. ಅಲ್ಲಿ ಪ್ರತಿಯೊಂದು ತಿರುವನ್ನೂ ನಾವು ಒಂದೇ ಸಲ ಕಂಡಿರುತ್ತೇವೆ, ಅದೂ ಕೈಯಲ್ಲಿ ಚೀಲ, ಪಕ್ಕದಲ್ಲಿ ಮಗು, ತಲೆಯಲ್ಲಿ ಮುಂದಿನ ರೈಲಿನ ಸಮಯ ಇಟ್ಟುಕೊಂಡು. ಹೀಗಾಗಿ ಕೆಲವು ವರ್ಷಗಳ ಬಳಿಕ ಉಳಿಯುವುದು ಹೆಸರಾಂತ ಕಟ್ಟಡದ ಮುಂದೆ ಸಾಲಾಗಿ ನಿಂತ ಒಂದು ಛಾಯಾಚಿತ್ರ ಮತ್ತು ಆಗ ತುಂಬಾ ನಡೆದಿದ್ದೆವು ಎಂಬ ಒಂದು ಮಾತು. ಆ ಕಟ್ಟಡದ ಚಿತ್ರ ಲಕ್ಷಾಂತರ ಜನರ ಬಳಿ ಇದೆ. ಆದರೆ ಆ ಕಟ್ಟಡದಿಂದ ಮುಂದಿನ ನಿಲ್ದಾಣದವರೆಗಿನ ದಾರಿಯಲ್ಲಿ ನಿಮ್ಮವರ ನಡುವೆ ನಡೆದದ್ದು ನಿಮ್ಮಲ್ಲಿ ಮಾತ್ರ ಇದೆ, ಅದನ್ನು ಬೇರೆ ಯಾರೂ ನಿಮಗಾಗಿ ಬರೆದಿಡಲಾರರು. ಅಂಥ ನಡುದಾರಿಯ ನೆನಪುಗಳನ್ನು ಹೇಗೆ ಹುಡುಕಿ ತೆಗೆಯಬೇಕು, ಹೇಗೆ ಹೊಂದಿಸಬೇಕು, ಹೇಗೆ ಕಾಪಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಒಬ್ಬೊಬ್ಬರಾಗಿ

ಎಲ್ಲಕ್ಕಿಂತ ಮುಖ್ಯವಾದ ಸೂಚನೆಯನ್ನು ಮೊದಲೇ ಹೇಳಿಬಿಡುತ್ತೇನೆ: ಎಲ್ಲರೂ ಒಟ್ಟಿಗೆ ಕುಳಿತು ನೆನಪಿಸಿಕೊಳ್ಳುವುದಕ್ಕೆ ಮುನ್ನ ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು ಬರೆಯಬೇಕು. ಮನೆಯವರೆಲ್ಲ ಸೇರಿ ಹರಟಿದರೆ ಹೆಚ್ಚು ನೆನಪುಗಳು ಹೊರಬರುತ್ತವೆ ಎಂದು ನಮಗೆ ಅನ್ನಿಸುವುದು ಸಹಜ. ಆದರೆ ಗುಂಪಾಗಿ ನೆನಪಿಸಿಕೊಂಡವರು ಹೊರತೆಗೆಯುವ ವಿವರಗಳು, ಅಷ್ಟೇ ಜನ ಬೇರೆಬೇರೆಯಾಗಿ ಬರೆದು ನಂತರ ಒಟ್ಟುಗೂಡಿಸಿದಾಗ ಸಿಗುವ ವಿವರಗಳಿಗಿಂತ ಕಡಿಮೆ ಎಂಬುದನ್ನು 1997ರಲ್ಲಿ ವೆಲ್ಡನ್ ಮತ್ತು ಬೆಲಿಂಜರ್ ಎಂಬ ಮನೋವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸಿದರು. ಅನಂತರದ ಅನೇಕ ಅಧ್ಯಯನಗಳಲ್ಲೂ ಇದೇ ಕಂಡುಬಂದಿದೆ. ಒಬ್ಬರು ಹೇಳುವ ಕ್ರಮ ಇನ್ನೊಬ್ಬರ ಮನಸ್ಸಿನಲ್ಲಿರುವ ಕ್ರಮವನ್ನು ಕದಡುವುದು ಇದಕ್ಕೆ ಕೊಡಲಾಗುವ ಪ್ರಮುಖ ಕಾರಣ. ಮನೆಯಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಚೆನ್ನಾಗಿ ಕಥೆ ಹೇಳುವವರು ಒಬ್ಬರಿದ್ದರೆ ಅವರ ಪ್ರವಾಸವೇ ಎಲ್ಲರ ಪ್ರವಾಸವಾಗಿಬಿಡುತ್ತದೆ, ಮಾತು ಕಡಿಮೆ ಇರುವವರು ಕಂಡ ನಗರ ಯಾರಿಗೂ ತಿಳಿಯದೆ ಹೋಗುತ್ತದೆ. ಅಪ್ಪನ ಹೆಗಲ ಮೇಲೆ ಕುಳಿತಿದ್ದ ಮಗುವೂ, ಎಲ್ಲರ ಹಿಂದೆ ಮೆಲ್ಲನೆ ನಡೆದು ಬರುತ್ತಿದ್ದ ಅಜ್ಜಿಯೂ, ನಕ್ಷೆ ಹಿಡಿದು ಮುಂದೆ ಹೋಗುತ್ತಿದ್ದ ಅಕ್ಕನೂ ಒಂದೇ ಬೀದಿಯಲ್ಲಿ ಮೂರು ಬೇರೆ ನಗರಗಳನ್ನು ಕಂಡಿರುತ್ತಾರೆ.

ಆದ್ದರಿಂದ ಪ್ರತಿಯೊಬ್ಬರಿಗೂ ಒಂದೆರಡು ಹಾಳೆ ಕೊಟ್ಟು, ಅರ್ಧ ಗಂಟೆ ಬಿಡುವು ಮಾಡಿಕೊಟ್ಟು, ಪ್ರವಾಸದ ಬಗ್ಗೆ ತೋಚಿದ್ದನ್ನೆಲ್ಲ ಬರೆಯಲು ಹೇಳಿರಿ. ಈ ಹಂತದಲ್ಲಿ ಛಾಯಾಚಿತ್ರಗಳನ್ನು ಹೊರತೆಗೆಯಬಾರದು, ಏಕೆಂದರೆ ಚಿತ್ರವನ್ನು ಕಂಡ ಕೂಡಲೇ ಮನಸ್ಸು ಅದರ ಚೌಕಟ್ಟಿನೊಳಗೆ ಸೇರಿಕೊಂಡು, ಚಿತ್ರದಲ್ಲಿ ಇಲ್ಲದ ಸಂಗತಿಗಳನ್ನು ಕೈಬಿಡುತ್ತದೆ. ಬರೆಯಲಾಗದ ಚಿಕ್ಕ ಮಕ್ಕಳು ಚಿತ್ರ ಬಿಡಿಸಲಿ. ಕೈನಡುಕವಿರುವ ಹಿರಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು. ಅವರು ಮಾತಿನ ನಡುವೆ ಮೌನವಾದಾಗ ಅವಸರದಿಂದ ತುಂಬಿಸಲು ಹೋಗದೆ ಕಾಯುವುದು ಒಳ್ಳೆಯದು, ಮುಂದಿನ ನೆನಪು ಬರುವುದು ಬಹುಮಟ್ಟಿಗೆ ಆ ಮೌನದ ನಂತರವೇ.

ತೋಚುವುದೇ ಇಲ್ಲ ಎನ್ನುವವರಿಗೆ ನೆರವಾಗಲು ಒಂದು ಒಳ್ಳೆಯ ವಿಧಾನವಿದೆ. 1980ರ ದಶಕದಲ್ಲಿ ಎಡ್ವರ್ಡ್ ಗೈಸೆಲ್‌ಮನ್ ಮತ್ತು ರೊನಾಲ್ಡ್ ಫಿಶರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು, ಅಪರಾಧಗಳನ್ನು ಕಣ್ಣಾರೆ ಕಂಡ ಸಾಕ್ಷಿಗಳಿಂದ ಪೊಲೀಸರು ಹೆಚ್ಚು ವಿವರ ಪಡೆಯಲೆಂದು ರೂಪಿಸಿದ ವಿಚಾರಣಾ ಕ್ರಮ ಅದು. ಅದರ ನಾಲ್ಕು ಅಂಗಗಳೂ ಮನೆಯ ನೆನಪಿನ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಮೊದಲನೆಯದು, ಘಟನೆಗೆ ಹೋಗುವ ಮುನ್ನ ಸನ್ನಿವೇಶವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು: ಅಂದು ಕಾಲಿಗೆ ಯಾವ ಚಪ್ಪಲಿ ಇತ್ತು, ಚೀಲ ಯಾವ ಹೆಗಲಿನಲ್ಲಿತ್ತು, ಬಿಸಿಲಿತ್ತೋ ಮಳೆಯಿತ್ತೋ, ಎಷ್ಟು ದಣಿವಾಗಿತ್ತು, ನಿಲ್ದಾಣದೊಳಗೆ ಎಂಥ ಸದ್ದು, ಎಂಥ ವಾಸನೆ. ಕಲಿತ ಪರಿಸರವೇ ನೆನಪನ್ನು ಎಬ್ಬಿಸುತ್ತದೆ ಎಂಬುದಕ್ಕೆ 1975ರಲ್ಲಿ ಗಾಡನ್ ಮತ್ತು ಬ್ಯಾಡ್‌ಲಿ ಮುಳುಗುಗಾರರ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧ ಸಾಕ್ಷಿ. ನೀರಿನಡಿಯಲ್ಲಿ ಕಲಿತ ಪದಗಳು ಅವರಿಗೆ ದಡದಲ್ಲಿಗಿಂತ ನೀರಿನಡಿಯಲ್ಲೇ ಚೆನ್ನಾಗಿ ನೆನಪಾದವು. ಎರಡನೆಯದು, ಕ್ಷುಲ್ಲಕವೆನಿಸಿದ್ದನ್ನೂ ಬಿಡದೆ ಹೇಳುವುದು. ಮೂರನೆಯದು, ಕೊನೆಯಿಂದ ಹಿಂದಕ್ಕೆ ಬರುವುದು, ಅಂದರೆ ಮನೆಯ ಬಾಗಿಲ ಬೀಗ ತೆರೆದ ಗಳಿಗೆಯಿಂದ ಆರಂಭಿಸಿ ಹೊರಟ ಬೆಳಗಿನವರೆಗೆ ಹಿಮ್ಮುಖವಾಗಿ ನಡೆಯುವುದು. ನಾಲ್ಕನೆಯದು, ಅದೇ ಗಳಿಗೆಯಲ್ಲಿ ಎದುರಿಗಿದ್ದವರಿಗೆ ಏನು ಕಂಡಿರಬಹುದು ಎಂದು ಯೋಚಿಸುವುದು. ಈ ನಾಲ್ಕನೆಯದರಲ್ಲಿ ಊಹೆ ನುಸುಳುವ ಅಪಾಯ ಹೆಚ್ಚಾದ್ದರಿಂದ ನಾನು ಅದನ್ನು ಕೊನೆಗೆ, ಮಿತವಾಗಿ ಮಾತ್ರ ಬಳಸಲು ಹೇಳುತ್ತೇನೆ. ಹಿಮ್ಮುಖ ನಡಿಗೆಯನ್ನಂತೂ ಯಾರೂ ಬಿಡಬಾರದು: ಸಾಮಾನ್ಯವಾಗಿ ನಮ್ಮ ಕಥೆಗಳು ಹೊರಡುವ ಸಂಭ್ರಮದಲ್ಲಿ ಆರಂಭವಾಗಿ ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಸೋತುಹೋಗುತ್ತವೆ, ಆ ಸೋತ ಭಾಗಕ್ಕೆ ತಲುಪಲು ಹಿಂದಿನಿಂದ ಬರುವುದೇ ಹತ್ತಿರದ ದಾರಿ.

ಪ್ರಶ್ನೆ ಕೇಳುವ ರೀತಿ

ಪ್ರಶ್ನೆಯಲ್ಲೇ ಉತ್ತರವನ್ನು ಅಡಗಿಸಬಾರದು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಾಹನಗಳು ಡಿಕ್ಕಿಯಾಗುವ ದೃಶ್ಯಗಳನ್ನು ಜನರಿಗೆ ತೋರಿಸಿ, ಕೆಲವರಿಗೆ ಕಾರುಗಳು ತಾಗಿದಾಗ ವೇಗ ಎಷ್ಟಿತ್ತು ಎಂದೂ ಕೆಲವರಿಗೆ ಅಪ್ಪಳಿಸಿದಾಗ ಎಷ್ಟಿತ್ತು ಎಂದೂ ಕೇಳಿದರು. ಅಪ್ಪಳಿಸಿದ್ದನ್ನು ಕೇಳಿಸಿಕೊಂಡವರು ಹೆಚ್ಚಿನ ವೇಗ ಹೇಳಿದ್ದಲ್ಲದೆ, ಒಂದು ವಾರದ ನಂತರ ದೃಶ್ಯದಲ್ಲಿ ಇಲ್ಲದಿದ್ದ ಒಡೆದ ಗಾಜನ್ನೂ ಕಂಡೆವೆಂದು ಹೇಳುವ ಸಂಭವ ಅವರಲ್ಲಿ ಹೆಚ್ಚಾಗಿತ್ತು. ಜನಜಂಗುಳಿಯಲ್ಲಿ ನೀನು ಹೆದರಿಕೊಂಡು ಅತ್ತೆಯಲ್ಲ, ನೆನಪಿದೆಯಾ ಎಂದು ಮಗುವನ್ನು ಕೇಳಿದರೆ ಅದು ಅತ್ತದ್ದನ್ನು ನೆನಪಿಸಿಕೊಳ್ಳದಿದ್ದರೂ ಒಪ್ಪಿಕೊಳ್ಳುತ್ತದೆ. ರೈಲಿನಿಂದ ಇಳಿದ ಮೇಲೆ ಏನಾಯಿತು, ಆಮೇಲೆ, ಆಗ ಪಕ್ಕದಲ್ಲಿ ಯಾರಿದ್ದರು ಎಂದು ಕೇಳುವುದು ಸರಿಯಾದ ಕ್ರಮ. ತಾಯಂದಿರು ಮಕ್ಕಳೊಡನೆ ಹೀಗೆ ಮುಕ್ತ ಪ್ರಶ್ನೆಗಳನ್ನು ಕೇಳುತ್ತ, ಮಗು ಹೇಳಿದ್ದಕ್ಕೆ ವಿವರ ಸೇರಿಸುತ್ತ ಹಳೆಯದನ್ನು ಮೆಲುಕು ಹಾಕಿದರೆ, ಆ ಮಕ್ಕಳು ಮುಂದೆ ತಮ್ಮ ಬದುಕಿನ ಘಟನೆಗಳನ್ನು ಹೆಚ್ಚು ವಿವರವಾಗಿ ಹೇಳಬಲ್ಲವರಾಗುತ್ತಾರೆ ಎಂಬುದನ್ನು ರಾಬಿನ್ ಫಿವುಶ್ ಮತ್ತು ಇತರರ ದೀರ್ಘಕಾಲದ ಸಂಶೋಧನೆ ತೋರಿಸಿದೆ.

ಮೂರು ವರ್ಷಕ್ಕಿಂತ ಚಿಕ್ಕವರಾಗಿ ಪ್ರವಾಸ ಹೋಗಿದ್ದವರ ಮಾತನ್ನು ಬೇರೆಯಾಗಿಯೇ ನೋಡಬೇಕು. ದೊಡ್ಡವರಾದ ಮೇಲೆ ಹೆಚ್ಚಿನವರಿಗೆ ಉಳಿಯುವ ಅತ್ಯಂತ ಹಳೆಯ ನೆನಪು ಸುಮಾರು ಮೂರು ಮೂರೂವರೆ ವರ್ಷದ ವಯಸ್ಸಿನದು. ಅದಕ್ಕೂ ಹಿಂದಿನ ನಗರವನ್ನು ಅವರು ಕಣ್ಣಿಗೆ ಕಟ್ಟಿದಂತೆ ವರ್ಣಿಸಿದರೆ, ಅದು ಮನೆಯವರ ಬಾಯಿಂದ ಕೇಳಿ ಮನಸ್ಸಿನಲ್ಲಿ ಬೆಳೆದ ಚಿತ್ರವಾಗಿರುವ ಸಾಧ್ಯತೆ ಹೆಚ್ಚು. ಅದನ್ನು ತಳ್ಳಿಹಾಕಬೇಡಿ, ಕೇಳಿ ತಿಳಿದದ್ದು ಎಂದು ಅಂಚಿನಲ್ಲಿ ಗುರುತು ಹಾಕಿದರೆ ಸಾಕು.

ನೆನಪಿನ ನಕ್ಷೆ, ನಗರದ ನಕ್ಷೆ

ಮಹಾನಗರದ ನೆನಪಿಗೆ ಒಂದು ವಿಶೇಷ ತೊಡಕಿದೆ. ನೆಲದಡಿಯ ರೈಲಿನಲ್ಲಿ ಓಡಾಡಿದವರಿಗೆ ನಗರವು ತುಂಡುತುಂಡಾಗಿ ಉಳಿಯುತ್ತದೆ: ಒಂದು ಕಡೆ ಮೆಟ್ಟಿಲಿಳಿದು, ಇನ್ನೊಂದು ಕಡೆ ಮೆಟ್ಟಿಲೇರಿ ಹೊರಬಂದಾಗ ನಡುವಿನ ಊರು ಅವರ ಪಾಲಿಗೆ ಇರುವುದೇ ಇಲ್ಲ. ರೈಲುಮಾರ್ಗದ ನಕ್ಷೆಯೂ ಇದನ್ನು ಸರಿಪಡಿಸುವುದಿಲ್ಲ. ಲಂಡನ್ನಿನ ಭೂಗತ ರೈಲಿಗಾಗಿ ಹ್ಯಾರಿ ಬೆಕ್ 1931ರಲ್ಲಿ ರಚಿಸಿ 1933ರಲ್ಲಿ ಪ್ರಕಟವಾದ ನಕ್ಷೆಯ ಮಾದರಿಯನ್ನು ಇಂದು ಜಗತ್ತಿನ ಅನೇಕ ನಗರಗಳು ಅನುಸರಿಸುತ್ತವೆ. ನೇರ ಗೆರೆ, ಓರೆ ಗೆರೆಗಳಿಂದಾದ ಅಂಥ ನಕ್ಷೆಯಲ್ಲಿ ನಿಲ್ದಾಣಗಳ ಕ್ರಮ ಸರಿಯಿರುತ್ತದೆ, ದೂರ ಮತ್ತು ದಿಕ್ಕುಗಳು ನಿಜವಾಗಿರುವುದಿಲ್ಲ.

ಹೀಗಾಗಿ ಎರಡು ನಕ್ಷೆಗಳನ್ನು ಮಾಡಬೇಕು. ಮೊದಲು ಪ್ರತಿಯೊಬ್ಬರೂ ಏನನ್ನೂ ನೋಡದೆ, ತಂಗಿದ್ದ ಸ್ಥಳವನ್ನು ನಡುವೆ ಇಟ್ಟು, ತಮಗೆ ನೆನಪಿರುವಂತೆ ದಾರಿಗಳನ್ನು ಎಳೆಯಲಿ. ಚೆನ್ನಾಗಿ ಚಿತ್ರ ಬಿಡಿಸಲು ಬರಬೇಕೆಂದೇನೂ ಇಲ್ಲ. ಯಾವ ಸ್ಥಳ ಅಳತೆ ಮೀರಿ ದೊಡ್ಡದಾಗಿದೆ, ಯಾವುದು ಮಾಯವಾಗಿದೆ ಎಂಬುದೇ ಅಲ್ಲಿ ಮುಖ್ಯ, ಏಕೆಂದರೆ ಕಾದು ನಿಂತ ಮೂಲೆ, ಒಬ್ಬರು ಕಾಣೆಯಾಗಿ ಮತ್ತೆ ಸಿಕ್ಕ ಚೌಕ, ಮಕ್ಕಳು ಹಟ ಹಿಡಿದು ಕುಳಿತ ಮೆಟ್ಟಿಲು ಇವೆಲ್ಲ ಕಾಗದದ ಮೇಲೆ ಊದಿಕೊಳ್ಳುತ್ತವೆ. ಇದನ್ನು ತಿದ್ದದೆ ಹಾಗೆಯೇ ಎತ್ತಿಟ್ಟುಕೊಂಡು, ಆ ಬಳಿಕ ನಿಜವಾದ ಬೀದಿನಕ್ಷೆಯನ್ನು ತೆರೆದು, ಎರಡು ಸ್ಥಳಗಳ ನಡುವಿನ ದಾರಿಯನ್ನು ಬೆರಳಿನಿಂದ ಹಿಂಬಾಲಿಸಿರಿ. 2007ರಲ್ಲಿ ಆರಂಭವಾದ ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಬೀದಿಯ ಮಟ್ಟದ ಚಿತ್ರಗಳಿವೆ, 2014ರಿಂದ ಕೆಲವು ಸ್ಥಳಗಳ ಹಿಂದಿನ ವರ್ಷಗಳ ಚಿತ್ರಗಳನ್ನೂ ಅದರಲ್ಲಿ ನೋಡಬಹುದು. ನೀವು ಹೋಗಿದ್ದ ಕಾಲಕ್ಕೆ ಹತ್ತಿರದ ವರ್ಷವನ್ನೇ ಆರಿಸಿಕೊಳ್ಳಬೇಕು, ಇಲ್ಲವಾದರೆ ಆಗ ಇನ್ನೂ ಕಟ್ಟಿರದ ಮೇಲ್ಸೇತುವೆ ನಿಮ್ಮ ನೆನಪಿನೊಳಗೆ ನುಸುಳಿಬಿಡುತ್ತದೆ.

ಚಿತ್ರ, ಚೀಟಿ, ರಸೀದಿ

ಇಷ್ಟಾದ ಮೇಲೆ ಛಾಯಾಚಿತ್ರಗಳನ್ನು ಹೊರತೆಗೆಯಬಹುದು. ಡಿಜಿಟಲ್ ಚಿತ್ರಗಳಾದರೆ ತೆಗೆದ ದಿನಾಂಕ ಮತ್ತು ಸಮಯ, ಕೆಲವೊಮ್ಮೆ ಸ್ಥಳವೂ ಕಡತದೊಳಗೇ ದಾಖಲಾಗಿರುತ್ತದೆ. ಆದರೆ ಸಂದೇಶದ ಆ್ಯಪ್‌ಗಳ ಮೂಲಕ ಕೈಯಿಂದ ಕೈಗೆ ದಾಟಿದ ಪ್ರತಿಗಳಲ್ಲಿ ಈ ದಾಖಲೆ ಬಹುತೇಕ ಅಳಿಸಿಹೋಗಿರುತ್ತದೆ, ಚಿತ್ರದ ಗುಣಮಟ್ಟವೂ ಇಳಿದಿರುತ್ತದೆ. ಆದ್ದರಿಂದ ಚಿತ್ರ ತೆಗೆದವರ ಸಾಧನದಲ್ಲಿರುವ ಮೂಲ ಕಡತವನ್ನೇ ಪಡೆದುಕೊಳ್ಳಿ. ಹಳೆಯ ಕ್ಯಾಮೆರಾದ ಗಡಿಯಾರ ತಪ್ಪಾಗಿದ್ದಿರಬಹುದಾದ್ದರಿಂದ ನೆರಳಿನ ಉದ್ದವನ್ನೂ ಗಮನಿಸಿರಿ. ಚಿತ್ರದ ನಡುವಿನಲ್ಲಿ ನಿಂತವರಿಗಿಂತ ಅಂಚುಗಳಲ್ಲಿ ಸಿಕ್ಕಿಬಿದ್ದ ವಸ್ತುಗಳು ಹೆಚ್ಚು ಹೇಳುತ್ತವೆ: ಯಾರದೋ ಕೈಯಲ್ಲಿರುವ ಕೊಡೆ, ಅರ್ಧ ಕಟ್ಟಿದ ಗೋಪುರ, ಬಸ್ಸಿನ ಸಂಖ್ಯೆ. ತೆಗೆದ ಚಿತ್ರಗಳನ್ನೇ ಪೂರ್ತಿಯಾಗಿ ನಂಬಿಕೊಳ್ಳಲಾಗದು ಎಂಬುದಕ್ಕೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಆಧಾರ ಕೊಡುತ್ತದೆ. ವಸ್ತುಸಂಗ್ರಹಾಲಯದಲ್ಲಿ ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ ಚಿತ್ರ ತೆಗೆದುಕೊಂಡ ವಸ್ತುಗಳು ಜನರಿಗೆ ಕಡಿಮೆ ನೆನಪಿದ್ದವು. ಒಂದು ಭಾಗವನ್ನು ಹತ್ತಿರದಿಂದ ಸೆರೆಹಿಡಿದಾಗ ಮಾತ್ರ ಆ ನಷ್ಟ ಕಾಣಲಿಲ್ಲ. ಚಿತ್ರವೇ ಇಲ್ಲದ ಗಂಟೆಗಳ ಬಗ್ಗೆ ಹೆಚ್ಚು ಕೇಳಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಟಿಕೆಟ್ ಮತ್ತು ರಸೀದಿಗಳಲ್ಲಿ ಸಮಯ ಅಚ್ಚಾಗಿರುವುದರಿಂದ ಅವು ಇಡೀ ದಿನದ ಬೆನ್ನೆಲುಬನ್ನು ಒದಗಿಸುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಶಾಖಕ್ಕೆ ಕಪ್ಪಾಗುವ ಲೇಪನವಿರುವ ಕಾಗದದಲ್ಲಿ ಅಚ್ಚಾಗಿರುತ್ತವೆ, ಬೆಳಕಿಗೆ ಮತ್ತು ಶಾಖಕ್ಕೆ ಬೇಗ ಮಾಸುತ್ತವೆ. ಅಂಥದನ್ನು ಲ್ಯಾಮಿನೇಟ್ ಮಾಡಿಸಿದರೆ ಯಂತ್ರದ ಶಾಖಕ್ಕೆ ಇಡೀ ಚೀಟಿ ಕಪ್ಪಾಗುತ್ತದೆ, ಪಿವಿಸಿ ಚೀಲದಲ್ಲಿಟ್ಟರೆ ಅದರ ರಾಸಾಯನಿಕಗಳಿಂದ ಅಕ್ಷರ ಅಳಿಯುತ್ತದೆ. ಸಿಕ್ಕಿದ ದಿನವೇ ಸ್ಕ್ಯಾನ್ ಮಾಡಿ, ಮೂಲವನ್ನು ಕಾಗದದ ಲಕೋಟೆಯಲ್ಲಿ ತಂಪಾದ ಕತ್ತಲೆಯ ಜಾಗದಲ್ಲಿಡುವುದು ಸುರಕ್ಷಿತ. ಅಂಟುಪುಟದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹಳೆಯ ಆಲ್ಬಂಗಳಿದ್ದರೆ ಅದರೊಳಗಿನ ಚಿತ್ರಗಳನ್ನು ಆದಷ್ಟು ಬೇಗ ಬಿಡುಗಡೆ ಮಾಡಬೇಕು, ಏಕೆಂದರೆ ಆ ಅಂಟು ಚಿತ್ರಗಳನ್ನು ಹಳದಿಯಾಗಿಸುತ್ತದೆ. ಕೀಳುವ ಮುನ್ನ ಪುಟವನ್ನು ಹಾಗೆಯೇ ಒಮ್ಮೆ ಚಿತ್ರ ತೆಗೆದುಕೊಂಡು, ನಂತರ ಹಲ್ಲು ಶುಚಿಗೊಳಿಸುವ ದಾರವನ್ನು ಚಿತ್ರದ ಅಡಿಯಲ್ಲಿ ಮೆಲ್ಲನೆ ಗರಗಸದಂತೆ ಆಡಿಸುತ್ತ ಬಿಡಿಸಬಹುದು.

ಒಟ್ಟಿಗೆ ಕುಳಿತಾಗ

ಈಗ ಎಲ್ಲರೂ ತಮ್ಮ ಹಾಳೆಗಳೊಡನೆ ಒಂದೆಡೆ ಸೇರಲಿ. ಮನೆಯ ಅತಿ ಕಿರಿಯರು ಮೊದಲು ಓದಲಿ, ಹಿರಿಯರ ಮಾತು ಕೇಳಿದ ಮೇಲೆ ಅವರು ತಮ್ಮದನ್ನು ಬದಲಿಸಿಕೊಳ್ಳುತ್ತಾರೆ. ಒಬ್ಬರು ಓದುವಾಗ ಉಳಿದವರು ತಿದ್ದಬಾರದು, ಹೊಸದಾಗಿ ನೆನಪಾದದ್ದನ್ನು ತಮ್ಮ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಬೇಕು. ಭಿನ್ನಾಭಿಪ್ರಾಯ ಬಂದೇ ಬರುತ್ತದೆ. ಅಮ್ಮನ ಪ್ರಕಾರ ಮಳೆ ಬಂದದ್ದು ಮೊದಲ ದಿನ, ಮಗನ ಪ್ರಕಾರ ಎರಡನೆಯ ದಿನ. ನೆನಪೆಂಬುದು ಸಂಗ್ರಹಿಸಿಟ್ಟ ಪ್ರತಿಯನ್ನು ಹೊರತೆಗೆಯುವ ಕೆಲಸವಾಗಿರದೆ ಪ್ರತಿ ಬಾರಿಯೂ ಹೊಸದಾಗಿ ಕಟ್ಟುವ ಕೆಲಸ ಎಂಬುದನ್ನು ಕೇಂಬ್ರಿಡ್ಜಿನ ಫ್ರೆಡೆರಿಕ್ ಬಾರ್ಟ್‌ಲೆಟ್ 1932ರಷ್ಟು ಹಿಂದೆಯೇ ಪ್ರತಿಪಾದಿಸಿದ್ದರು. ಚೀಟಿಯೋ ಚಿತ್ರವೋ ತೀರ್ಮಾನಿಸಿಕೊಟ್ಟರೆ ಸರಿ, ಇಲ್ಲವಾದರೆ ಎರಡನ್ನೂ ಹೆಸರಿನೊಂದಿಗೆ ಬರೆದಿಡಬೇಕು. ಒಮ್ಮತಕ್ಕಾಗಿ ಒಬ್ಬರ ಮಳೆಯನ್ನು ಅಳಿಸಿಹಾಕುವುದನ್ನು ನಾನು ಎಂದಿಗೂ ಒಪ್ಪಲಾರೆ.

ಒಂದೇ ನಗರಕ್ಕೆ ಹಲವು ಬಾರಿ ಹೋಗಿದ್ದರೆ ಆ ಪ್ರವಾಸಗಳು ಒಂದರೊಳಗೊಂದು ಬೆರೆತುಹೋಗಿರುತ್ತವೆ. ಬಿಡಿಸಲು ಮಕ್ಕಳ ದೇಹವೇ ಒಳ್ಳೆಯ ಅಳತೆಗೋಲು: ಯಾರ ಹಲ್ಲು ಬಿದ್ದಿತ್ತು, ಯಾರಿಗೆ ಕನ್ನಡಕ ಬಂದಿತ್ತು, ಯಾರನ್ನು ಇನ್ನೂ ಎತ್ತಿಕೊಳ್ಳುತ್ತಿದ್ದೆವು, ಯಾರು ಕೈಹಿಡಿಯಲು ಒಲ್ಲೆ ಎನ್ನುತ್ತಿದ್ದರು. ಇಡೀ ಪ್ರವಾಸವೇ ಕೆಟ್ಟಿತ್ತು ಎಂದು ಯಾರಾದರೂ ಹೇಳಿದರೆ ಕೊನೆಯ ಸಂಜೆಯನ್ನು ವಿಚಾರಿಸಿರಿ. ಡೇನಿಯಲ್ ಕಾನೆಮನ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ತೋರಿಸಿದಂತೆ, ಒಂದು ಅನುಭವವನ್ನು ನಾವು ಅಳೆಯುವುದು ಅದರ ಅತಿ ತೀವ್ರ ಗಳಿಗೆ ಮತ್ತು ಕೊನೆಯ ಗಳಿಗೆಯಿಂದ. ತಪ್ಪಿಹೋದ ಒಂದು ರೈಲು ಎರಡು ದಿನಗಳ ಸಂತೋಷಕ್ಕೆ ಮಸಿ ಬಳಿದಿರಬಹುದು.

ಬರೆದಿಡುವಾಗ ಕಾಗದವನ್ನೂ ಡಿಜಿಟಲ್ ಪ್ರತಿಯನ್ನೂ ಎರಡನ್ನೂ ಇಟ್ಟುಕೊಳ್ಳಿ, ಡಿಜಿಟಲ್ ಪ್ರತಿ ಎರಡು ಬೇರೆ ಸಾಧನಗಳಲ್ಲಿರಲಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಪ್ರವಾಸದಲ್ಲಿದ್ದ ಯಾರಾದರೂ ಈಗ ಇಲ್ಲವಾಗಿದ್ದರೆ ಅವರ ಹೆಸರಿನಲ್ಲಿಯೂ ಒಂದು ಹಾಳೆ ತೆರೆದು, ಅವರು ಆ ಬೀದಿಗಳಲ್ಲಿ ಆಡಿದ ಮಾತು, ನಿಂತು ನೋಡಿದ ವಸ್ತು, ದಣಿದಾಗ ಕುಳಿತ ಜಾಗಗಳನ್ನು ಉಳಿದವರೆಲ್ಲ ಸೇರಿ ತುಂಬಬೇಕು. ಯಾವ ಸಾಲನ್ನು ಯಾರು ಹೇಳಿದರೆಂಬುದನ್ನು ಪಕ್ಕದಲ್ಲಿ ಬರೆಯಬೇಕು. ಇಡೀ ಪುಸ್ತಕದ ಬಲಪುಟಗಳಲ್ಲಿ ಮಾತ್ರ ಬರೆದು ಎಡಪುಟಗಳನ್ನು ಖಾಲಿ ಬಿಡಿ. ತಡವಾಗಿ ಬರುವ ನೆನಪುಗಳನ್ನು, ಬಂದ ದಿನಾಂಕ ಹಾಕಿ, ಬೇರೆ ಬಣ್ಣದ ಶಾಯಿಯಲ್ಲಿ ಅಲ್ಲಿ ಸೇರಿಸಿಕೊಳ್ಳಬಹುದು.