ಬಿಎಂಡಬ್ಲ್ಯು 320ಡಿ: ಎಂಜಿನ್ ಹಿಂಬದಿಯಿಂದ ಚೈನ್ ಸದ್ದು ಬಂದರೆ

ಹತ್ತು ಹದಿನೈದು ವರ್ಷ ಓಡಿದ ಬಿಎಂಡಬ್ಲ್ಯು 320ಡಿ ಈಗ ಬೆಂಗಳೂರಿನಲ್ಲಿ ಹೊಸ ಹ್ಯಾಚ್‌ಬ್ಯಾಕ್ ಕಾರಿನ ಬೆಲೆಗೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ ಸಿಗುತ್ತದೆ. ಬೆಲೆ ಇಷ್ಟು ಇಳಿಯಲು ಇರುವ ಕಾರಣಗಳಲ್ಲಿ ಒಂದು, ಈ ಕಾರಿನ ಎನ್47 ಡೀಸೆಲ್ ಎಂಜಿನ್‌ನ ಟೈಮಿಂಗ್ ಚೈನ್, ಅಂದರೆ ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಒಂದೇ ತಾಳದಲ್ಲಿಡುವ ಸರಪಳಿ. 2007ರಲ್ಲಿ ಬಂದ 1995 ಸಿಸಿಯ ಈ ಎಂಜಿನ್ 320ಡಿ ಮಾತ್ರವಲ್ಲದೆ 520ಡಿ ಮತ್ತು ಎಕ್ಸ್1 ಕಾರುಗಳಲ್ಲೂ ಇದೆ. ಬಿಎಂಡಬ್ಲ್ಯು ಚೆನ್ನೈ ಸಮೀಪದ ಕಾರ್ಖಾನೆಯಲ್ಲಿ ಕಾರು ಜೋಡಿಸಲು ಆರಂಭಿಸಿದ್ದೂ ಅದೇ 2007ರಲ್ಲಿ. ಆದ್ದರಿಂದ ನಮ್ಮ ರಸ್ತೆಗಳಲ್ಲಿರುವ ಹಳೆಯ ಬಿಎಂಡಬ್ಲ್ಯು ಡೀಸೆಲ್ ಕಾರುಗಳಿಗೆ ಈ ತೊಂದರೆ ಅಪರೂಪದ್ದೇನೂ ಅಲ್ಲ. ಚೈನ್ ಕಡಿಯುವ ಮೊದಲೇ ಸದ್ದನ್ನು ಗುರುತಿಸಿದರೆ ಅದು ದುಬಾರಿ ದುರಸ್ತಿಯಷ್ಟೇ. ಕಡಿದ ಮೇಲಾದರೆ ಬಹಳ ಸಲ ಎಂಜಿನ್ನನ್ನೇ ಬದಲಿಸಬೇಕಾಗುತ್ತದೆ.

ಸಾಮಾನ್ಯ ಕಾರುಗಳಲ್ಲಿ ಟೈಮಿಂಗ್ ಚೈನ್ ಎಂಜಿನ್‌ನ ಮುಂಭಾಗದಲ್ಲಿರುತ್ತದೆ. ಎನ್47ರಲ್ಲಿ ಅದು ಗೇರ್‌ಬಾಕ್ಸ್ ಕಡೆಗೆ, ಫ್ಲೈವೀಲ್ ಎಂಬ ಭಾರದ ಚಕ್ರದ ಹಿಂದೆ ಅಡಗಿದೆ. ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ತಿರುಚು ಕಂಪನ ಫ್ಲೈವೀಲ್ ತುದಿಯಲ್ಲಿ ಕಡಿಮೆ ಎಂಬುದು ಈ ವಿನ್ಯಾಸಕ್ಕಿರುವ ಸಮರ್ಥನೆ, ಮತ್ತು ತತ್ತ್ವದಲ್ಲಿ ಅದು ಸರಿಯೇ. ಆದರೆ ಬೆಲ್ಟ್ ಕವರ್ ತೆಗೆದು ನೋಡಿದಂತೆ ಇದನ್ನು ನೋಡಲು ಆಗುವುದಿಲ್ಲವಾದ್ದರಿಂದ, ವಿನ್ಯಾಸಕಾರರ ಜಾಣತನದ ಬಿಲ್ಲನ್ನು ಕೊನೆಗೆ ಮಾಲೀಕನೇ ಕಟ್ಟುತ್ತಾನೆ. ಒಳಗಿರುವುದು ಒಂದೇ ಚೈನ್ ಅಲ್ಲ. ಕ್ರ್ಯಾಂಕ್‌ನಿಂದ ಅಧಿಕ ಒತ್ತಡದ ಡೀಸೆಲ್ ಪಂಪಿಗೆ ಒಂದು, ಆ ಪಂಪಿನಿಂದ ವಾಲ್ವ್‌ಗಳನ್ನು ತೆರೆಯುವ ಮೇಲಿನ ಕ್ಯಾಮ್‌ಶಾಫ್ಟ್‌ಗೆ ಇನ್ನೊಂದು, ಕೆಳಗೆ ಆಯಿಲ್ ಪಂಪಿಗೆ ಮತ್ತೊಂದು ಚೈನ್ ಇವೆ. ಇವು ಜಾರುವ ಪ್ಲಾಸ್ಟಿಕ್ ಗೈಡ್‌ಗಳು ಸವೆದು ಮುರಿದಾಗ ಚೈನ್ ಸಡಿಲಗೊಂಡು ಲೋಹಕ್ಕೆ ಬಡಿಯತೊಡಗುತ್ತದೆ.

ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಮತ್ತು ಎಂಜಿನ್ 1500ರಿಂದ 2000 ಆರ್‌ಪಿಎಂ ನಡುವೆ ಇರುವಾಗ, ಡ್ಯಾಶ್‌ಬೋರ್ಡಿನ ಕಡೆಯಿಂದ ಸರಸರ ಉಜ್ಜಿದಂತೆಯೋ ಲೋಹದ ಕಡಕಡದಂತೆಯೋ ಕೇಳುವ ಸದ್ದು ಅನುಮಾನಕ್ಕೆ ಕಾರಣವಾಗಬೇಕು. ಬಾನೆಟ್ ತೆರೆದು ಮೆಕ್ಯಾನಿಕ್ ಸ್ಟೆತೊಸ್ಕೋಪನ್ನೋ ಉದ್ದನೆಯ ಸ್ಕ್ರೂಡ್ರೈವರನ್ನೋ ಮೊದಲು ಎಂಜಿನ್‌ನ ಮುಂಭಾಗಕ್ಕೆ, ಅನಂತರ ಗೇರ್‌ಬಾಕ್ಸ್ ಸೇರುವ ಹಿಂಭಾಗಕ್ಕೆ ಒತ್ತಿ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಮುಂಭಾಗದ ಕ್ರ್ಯಾಂಕ್ ಪುಲ್ಲಿ ಹಾಳಾದಾಗಲೂ ಹೋಲುವ ಸದ್ದು ಬರುವುದರಿಂದ, ಆ ಪುಲ್ಲಿಯ ಮೇಲಿನ ಬೆಲ್ಟ್ ತೆಗೆದು ಕೆಲವೇ ಸೆಕೆಂಡು ಎಂಜಿನ್ ಓಡಿಸಿ ನೋಡುವುದು ಒಳ್ಳೆಯ ಪರೀಕ್ಷೆ. ವಾಟರ್ ಪಂಪ್ ಕೂಡ ಆ ಬೆಲ್ಟಿನಿಂದಲೇ ತಿರುಗುವ ಕಾರಣ ಹೆಚ್ಚು ಹೊತ್ತು ಓಡಿಸಬಾರದು. ಬೆಲ್ಟ್ ಇಲ್ಲದೆಯೂ ಸದ್ದು ಹಾಗೆಯೇ ಉಳಿದರೆ ಆಯಿಲ್ ಫಿಲ್ಟರ್ ಬಿಚ್ಚಿ, ಅದರ ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಬೇಕು. ಉಗುರಿನ ಚೂರಿನಂಥ ಪ್ಲಾಸ್ಟಿಕ್ ತುಣುಕುಗಳು ಕಂಡರೆ ಗೈಡ್ ಮುರಿಯುತ್ತಿದೆ ಎಂದೇ ಅರ್ಥ, ಮತ್ತು ಆ ಕಾರನ್ನು ಅಲ್ಲಿಂದ ಮುಂದೆ ಓಡಿಸದೆ ಟೋ ಮಾಡಿಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು. ತುಣುಕು ಕಾಣಲಿಲ್ಲವೆಂದ ಮಾತ್ರಕ್ಕೆ ಚೈನ್ ಚೆನ್ನಾಗಿದೆ ಎಂದು ನಿರ್ಧರಿಸಲಾಗದು.

ಕೆಲಸ ಒಪ್ಪಿಸುವಾಗ ಎರಡು ದಾರಿಗಳ ಮಾತು ಬರುತ್ತದೆ. ಎಂಜಿನ್ನನ್ನೇ ಹೊರತೆಗೆದು ಸ್ಟ್ಯಾಂಡಿನ ಮೇಲೆ ಬಿಚ್ಚುವುದು ಒಂದು. ಎಂಜಿನ್ನನ್ನು ಮೇಲಿನಿಂದ ಆಧಾರ ಕೊಟ್ಟು ನಿಲ್ಲಿಸಿ, ಗೇರ್‌ಬಾಕ್ಸ್, ಮುಂದಿನ ಸಬ್‌ಫ್ರೇಮ್ (ಎಂಜಿನ್ ಕೂರುವ ಕೆಳಚೌಕಟ್ಟು) ಮತ್ತು ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಇಳಿಸಿ ಕಾರಿನಲ್ಲಿಯೇ ಮಾಡುವುದು ಇನ್ನೊಂದು. ಎರಡನೆಯದು ಸ್ವಲ್ಪ ಅಗ್ಗ. ಆದರೆ ಚೈನ್‌ಗಳನ್ನು ಮುಚ್ಚುವ ಹಿಂದಿನ ಕವರ್, ಸಂಪ್ ಮತ್ತು ಹೆಡ್ (ವಾಲ್ವ್‌ಗಳಿರುವ ಮೇಲ್ಭಾಗ) ಎರಡನ್ನೂ ಕೂಡುವ ಮೂಲೆಗಳಲ್ಲಿ ಸೀಲೆಂಟ್ ಸರಿಯಾಗಿ ಕೂರದೆ ಆಯಿಲ್ ಸೋರುವುದು ಇಕ್ಕಟ್ಟಿನಲ್ಲಿ ಮಾಡಿದ ಕೆಲಸದಲ್ಲಿಯೇ ಹೆಚ್ಚು ಎಂಬ ಕಾರಣಕ್ಕೆ, ಗ್ಯಾರೇಜಿನಲ್ಲಿ ಸೌಲಭ್ಯವಿದ್ದರೆ ಎಂಜಿನ್ ಹೊರತೆಗೆಸುವುದೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ.

ಕೆಲಸದ ಆರಂಭ ಡಿಕ್ಕಿಯಲ್ಲಿ: 3 ಸೀರೀಸ್‌ನ ಬ್ಯಾಟರಿ ಇರುವುದು ಅಲ್ಲಿಯೇ, ಮೊದಲು ಅದರ ನೆಗೆಟಿವ್ ಕೇಬಲ್ ಬಿಚ್ಚಬೇಕು. ಬಳಿಕ ಆಯಿಲ್ ಮತ್ತು ಕೂಲೆಂಟ್ ಇಳಿಸಿ, ಎಕ್ಸಾಸ್ಟ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಕಳಚಿ ಗೇರ್‌ಬಾಕ್ಸ್ ಇಳಿಸಲಾಗುತ್ತದೆ. ಆಟೊಮ್ಯಾಟಿಕ್ ಕಾರಾದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಟಾರ್ಕ್ ಕನ್ವರ್ಟರ್‌ನ ಬೋಲ್ಟ್‌ಗಳನ್ನು ಮೊದಲೇ ಒಂದೊಂದಾಗಿ ಬಿಚ್ಚಿ, ಕನ್ವರ್ಟರ್ ಗೇರ್‌ಬಾಕ್ಸ್‌ನೊಂದಿಗೇ ಹೊರಬರುವಂತೆ ನೋಡಿಕೊಳ್ಳಬೇಕು. ಅದು ಅರ್ಧ ಜಾರಿ ಎಂಜಿನ್ ಕಡೆ ಉಳಿದರೆ ಗೇರ್‌ಬಾಕ್ಸ್‌ನ ಪಂಪ್ ಮತ್ತು ಸೀಲ್ ಹಾಳಾಗುತ್ತವೆ. ಮತ್ತೆ ಜೋಡಿಸುವಾಗಲೂ ಕನ್ವರ್ಟರ್ ಪೂರ್ತಿ ಒಳಗೆ ಕೂತಿದೆಯೇ ಎಂದು ಅಳೆದು ನೋಡದೆ ಬೋಲ್ಟ್ ಬಿಗಿದು ಎಳೆಯಬಾರದು.

ಹಿಂದಿನ ಕವರ್ ತೆಗೆಯುವ ಮುನ್ನ ಟೈಮಿಂಗ್ ಲಾಕ್ ಮಾಡುವುದು ಇಡೀ ಕೆಲಸದ ಪ್ರಮುಖ ಘಟ್ಟ. ಕ್ರ್ಯಾಂಕನ್ನು ಅದರ ಲಾಕಿಂಗ್ ಪಿನ್ನಿನಿಂದ, ಕ್ಯಾಮ್‌ಶಾಫ್ಟ್‌ಗಳನ್ನು ಅವುಗಳ ಮೇಲೆ ಕೂರುವ ಲಾಕಿಂಗ್ ಟೂಲ್‌ನಿಂದ ಹಿಡಿದು ನಿಲ್ಲಿಸಬೇಕು. ಪಂಪಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಬಿಚ್ಚಲೂ ಬೇರೆ ಟೂಲ್ ಬೇಕು. ಪೇಂಟಿನ ಗುರುತು ಹಾಕಿಕೊಂಡು ಅಂದಾಜಿನಲ್ಲಿ ಜೋಡಿಸುತ್ತೇವೆ ಎನ್ನುವ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ. ಎಂಜಿನ್ನನ್ನು ತಿರುಗಿಸುವಾಗ ಅದು ಓಡುವ ದಿಕ್ಕಿನಲ್ಲಿಯೇ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿದರೆ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಕಡೆ ಅದು ಸಡಿಲಗೊಂಡು ಹಲ್ಲು ಜಿಗಿಯುವ ಅಪಾಯವಿದೆ.

ಕವರ್ ಕಳಚಿದಾಗ ಗಮನಿಸಬೇಕಾದ ಮೊದಲ ವಸ್ತು ಚೈನ್ ಅಲ್ಲ, ಕ್ರ್ಯಾಂಕಿನ ಹಲ್ಲುಗಳು. ಈ ಎಂಜಿನ್‌ಗಳಲ್ಲಿ ಅನೇಕವುಗಳ ಸ್ಪ್ರಾಕೆಟ್ ಕ್ರ್ಯಾಂಕ್‌ಶಾಫ್ಟ್‌ನ ಅಂಗವಾಗಿಯೇ ಇರುವುದರಿಂದ, ಹಲ್ಲುಗಳು ಒಂದೇ ಕಡೆ ವಾಲಿ ಕೊಕ್ಕೆಯಂತೆ ಸವೆದಿದ್ದರೆ ಹೊಸ ಚೈನ್ ಹಾಕಿ ಪ್ರಯೋಜನವಿಲ್ಲ. ಕ್ರ್ಯಾಂಕ್ ಬದಲಿಸಬೇಕು, ಇಲ್ಲವೇ ಎಂಜಿನ್. ಹಲ್ಲುಗಳ ಫೋಟೊವನ್ನು ಹತ್ತಿರದಿಂದ ತೆಗೆದು ಕಳುಹಿಸುವಂತೆ ಮೆಕ್ಯಾನಿಕ್‌ಗೆ ಮೊದಲೇ ಹೇಳಿಡುವುದು ಒಳಿತು. ಹಲ್ಲು ಚೆನ್ನಾಗಿದ್ದರೆ ಮೂರೂ ಚೈನ್‌ಗಳು, ಎಲ್ಲ ಗೈಡ್‌ಗಳು, ಟೆನ್ಷನರ್, ಬದಲಿಸಲು ಬರುವ ಸ್ಪ್ರಾಕೆಟ್‌ಗಳು ಮತ್ತು ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲನ್ನು ಒಟ್ಟಿಗೆ ಬದಲಿಸಬೇಕು. ಮೇಲಿನ ಚೈನ್ ಮಾತ್ರ ಹಾಕಿಸಿ ಹಣ ಉಳಿಸುವ ಸಲಹೆಯನ್ನು ಕೆಲವರು ಕೊಡುತ್ತಾರೆ. ಬಿಲ್ಲಿನ ದೊಡ್ಡ ಪಾಲು ಬಿಚ್ಚಿ ಜೋಡಿಸುವ ಕೂಲಿಯೇ ಆಗಿರುವಾಗ ಅದು ಉಳಿತಾಯವಲ್ಲ.

ಸಂಪ್ ಇಳಿದಿರುವಾಗಲೇ ಆಯಿಲ್ ಪಂಪಿನ ಜಾಲರಿಯಲ್ಲಿ ಸಿಲುಕಿದ ಪ್ಲಾಸ್ಟಿಕ್ ಚೂರುಗಳನ್ನು ಒಂದೂ ಬಿಡದೆ ತೆಗೆಯಬೇಕು. ಕೋನ ಅಳೆದು ಬಿಗಿಯುವ ಬೋಲ್ಟ್‌ಗಳು ಒಮ್ಮೆ ಹಿಗ್ಗಿದವು. ಅವನ್ನು ಮತ್ತೆ ಬಳಸದೆ ಹೊಸವನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಕವರ್ ಹಾಕುವ ಮೊದಲು ಲಾಕ್ ಟೂಲ್ ತೆಗೆದು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ಟೂಲ್‌ಗಳು ಮತ್ತೆ ತಾವಾಗಿಯೇ ಸಲೀಸಾಗಿ ಕೂರುತ್ತವೆಯೇ ಎಂದು ಪರೀಕ್ಷಿಸಬೇಕು. ಎಲ್ಲಾದರೂ ತಡೆದಂತಾದರೆ ಅಲ್ಲಿಯೇ ನಿಲ್ಲಿಸಿ ಮೊದಲಿನಿಂದ ನೋಡಬೇಕೇ ಹೊರತು ಬಲ ಹಾಕಬಾರದು.

ಚೈನ್ ಕಡಿದೇ ಹೋದ ಕಾರಿನ ಕಥೆ ಬೇರೆ. ಪಿಸ್ಟನ್ ವಾಲ್ವ್‌ಗಳಿಗೆ ಬಡಿಯುತ್ತದೆ. ಅದೃಷ್ಟವಿದ್ದರೆ ವಾಲ್ವ್ ಒತ್ತುವ ರಾಕರ್‌ಗಳು ಮುರಿದು ಅಷ್ಟಕ್ಕೇ ಮುಗಿಯುತ್ತದೆ, ಇಲ್ಲವಾದರೆ ವಾಲ್ವ್ ಬಾಗಿ ಪಿಸ್ಟನ್‌ಗೂ ಪೆಟ್ಟಾಗುತ್ತದೆ. ಹೆಡ್ ತೆಗೆದು ನೋಡಿದ ಮೇಲೆ ಪಿಸ್ಟನ್ ಅಥವಾ ಸಿಲಿಂಡರ್ ಗೋಡೆಗೆ ಹಾನಿ ಕಂಡರೆ ಬಳಸಿದ ಎಂಜಿನ್ ಹುಡುಕುವುದೇ ಲೆಕ್ಕಕ್ಕೆ ಸರಿಹೋಗುತ್ತದೆ. ಹೀಗೆ ತರುವ ಎಂಜಿನ್‌ನ ಕೋಡ್ ಹೊಂದಬೇಕು: ಮೊದಲ ಕಾಲದ 177 ಅಶ್ವಶಕ್ತಿಯ ಎನ್47ಡಿ20ಎ ಮತ್ತು ನಂತರದ 184 ಅಶ್ವಶಕ್ತಿಯ ಎನ್47ಡಿ20ಸಿ ಒಂದೇ ಕುಟುಂಬದವಾದರೂ ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಎಂಜಿನ್ ಕಂಟ್ರೋಲ್ ಯೂನಿಟ್ ಕಾರಿನ ಕೀಲಿ ವ್ಯವಸ್ಥೆಗೆ ಜೋಡಣೆಯಾಗಿರುವುದರಿಂದ ನಿಮ್ಮ ಕಾರಿನದನ್ನೇ ಉಳಿಸಿಕೊಳ್ಳಬೇಕು. ಬಂದ ಎಂಜಿನ್‌ನ ಇಂಜೆಕ್ಟರ್‌ಗಳನ್ನು (ಡೀಸೆಲ್ ಚಿಮ್ಮಿಸುವ ಭಾಗಗಳು) ಬಳಸಿದರೆ ಪ್ರತಿಯೊಂದರ ತಲೆಯ ಮೇಲೆ ಕೆತ್ತಿದ ಹೊಂದಾಣಿಕೆ ಕೋಡನ್ನು ಕಂಪ್ಯೂಟರಿನ ಮೂಲಕ ಆ ಕಂಟ್ರೋಲ್ ಯೂನಿಟ್‌ಗೆ ತಿಳಿಸಬೇಕು. ಬಳಸಿದ ಎಂಜಿನ್ ಹೊರಗಿರುವಾಗಲೇ, ಅದರ ಚೈನ್ ಎಷ್ಟೇ ಚೆನ್ನಾಗಿ ಕಂಡರೂ, ಮೇಲೆ ಹೇಳಿದ ಚೈನ್, ಗೈಡ್, ಟೆನ್ಷನರ್ ಮುಂತಾದವುಗಳ ಕಿಟ್ ಪೂರ್ತಿ ಹಾಕಿಸಿಯೇ ಕಾರಿಗೆ ಏರಿಸಬೇಕು.

ಜೆ.ಸಿ. ರಸ್ತೆಯಲ್ಲಾಗಲಿ ಶಿವಾಜಿನಗರದ ಗುಜರಿಯಲ್ಲಾಗಲಿ ಎಂಜಿನ್ ಕೊಳ್ಳುವಾಗ, ಬ್ಲಾಕಿನ ಮೇಲಿನ ಸಂಖ್ಯೆ ಉಜ್ಜಿರದೆ ಸ್ಪಷ್ಟವಾಗಿದೆಯೇ ಎಂದು ನೋಡಿ, ಆ ಸಂಖ್ಯೆ ನಮೂದಾದ ಬಿಲ್ ಮತ್ತು ಅದು ಇದ್ದ ಕಾರಿನ ದಾಖಲೆಯ ಪ್ರತಿ ಪಡೆಯಬೇಕು. ಎಂಜಿನ್ ಬದಲಾದ ಬಳಿಕ ಆರ್‌ಸಿಯಲ್ಲಿರುವ ಸಂಖ್ಯೆಗೂ ಕಾರಿನಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಥ ಬದಲಾವಣೆಯನ್ನು 14 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಬೇಕು. ಕೆಲಸ ಆರಂಭಿಸುವ ಮೊದಲೇ ಅಲ್ಲಿ ವಿಚಾರಿಸಿ ಅನುಮತಿಯ ವಿಷಯ ಮುಗಿಸಿಕೊಂಡರೆ ಓಡಾಟ ತಪ್ಪುತ್ತದೆ. ವಿಮೆ ಕಂಪನಿಗೂ ಬರೆದು ತಿಳಿಸಬೇಕು.

ಇಷ್ಟೆಲ್ಲ ಆದಮೇಲೆ ಶಕ್ತಿ ಹೆಚ್ಚಿಸಲು ರೀಮ್ಯಾಪ್ (ಕಂಟ್ರೋಲ್ ಯೂನಿಟ್‌ನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸೋಣ ಎಂಬ ಆಸೆ ಹುಟ್ಟುವುದು ಸಹಜ. ಹಳೆಯ ಚೈನ್ ಇರುವ ಎಂಜಿನ್‌ಗೆ ಅದನ್ನು ಮಾಡಿಸಲೇಬಾರದು. ಹೊಸ ಚೈನ್ ಹಾಕಿದ್ದರೂ ಗೇರ್‌ಬಾಕ್ಸ್ ಮತ್ತು ಟರ್ಬೊ ಹಳೆಯವೇ ಎಂಬುದನ್ನು ಮರೆಯಬಾರದು. ಆ ಹಣವನ್ನು ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಕಟ್ಟಿದ ಮಸಿ ತೆಗೆಸಲು ಖರ್ಚು ಮಾಡಿದರೆ ಕಳೆದುಹೋದ ಎಳೆತ ಕಾನೂನಿನ ತೊಡಕಿಲ್ಲದೆಯೇ ಬಹುಮಟ್ಟಿಗೆ ಮರಳುತ್ತದೆ.

ಜೋಡಣೆ ಮುಗಿದ ಎಂಜಿನ್‌ಗೆ ಬಿಎಂಡಬ್ಲ್ಯುವಿನ ಎಲ್ಎಲ್-04 ಮಾನ್ಯತೆ ಇರುವ 5ಡಬ್ಲ್ಯು-30 ಆಯಿಲ್ ಸುಮಾರು 5.2 ಲೀಟರ್ ಬೇಕಾಗುತ್ತದೆ. ಟೆನ್ಷನರ್ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುವ ಕಾರಣ, ಡೀಸೆಲ್ ಪೂರೈಕೆ ತಡೆದು ಒತ್ತಡ ಏರುವವರೆಗೆ ಸ್ಟಾರ್ಟರ್‌ನಿಂದ ತಿರುಗಿಸಿ, ಬಳಿಕವಷ್ಟೇ ಸ್ಟಾರ್ಟ್ ಮಾಡಬೇಕು. ಮೊದಲ ಸಾವಿರ ಕಿಲೋಮೀಟರ್‌ಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಕವರಿನ ಮೂಲೆಗಳಲ್ಲಿ ತೇವವಿದೆಯೇ ಎಂದು ಕೆಳಗಿನಿಂದ ನೋಡಿಸಬೇಕು. ಮುಂದೆ ಡ್ಯಾಶ್‌ಬೋರ್ಡಿನ ಸರ್ವಿಸ್ ಸೂಚನೆ ಇಪ್ಪತ್ತು ಸಾವಿರ ದಾಟಿಯೂ ಸುಮ್ಮನಿರಬಹುದು. ಅದಕ್ಕೆ ಕಾಯದೆ ಪ್ರತಿ 10,000 ಕಿಲೋಮೀಟರ್‌ಗೆ, ಓಡಾಟ ಕಡಿಮೆಯಾದರೆ ವರ್ಷಕ್ಕೊಮ್ಮೆ, ಆಯಿಲ್ ಬದಲಿಸಿ, ತೆಗೆದ ಫಿಲ್ಟರನ್ನು ಪ್ರತಿ ಸಲವೂ ಬಿಡಿಸಿ ನೋಡುವಂತೆ ಗ್ಯಾರೇಜಿನವರಿಗೆ ಹೇಳಬೇಕು.