ಉಪಗ್ರಹದಿಂದ ದಿನದ ಮಳೆ ಲೆಕ್ಕ ಹಾಕುವುದು ಹೇಗೆ?

ಉಪಗ್ರಹದ ಮಳೆ ದತ್ತಾಂಶ ಉಚಿತವಾಗಿ ಸಿಗುತ್ತದೆ. ಸಿಕ್ಕ ಮೇಲೆ ಅದನ್ನು ಕೂಡಿಸುವುದರಲ್ಲಿ ಎಡವಿ, ತಿಂಗಳುಗಳ ದುಡಿಮೆಯನ್ನು ಕಳೆದುಕೊಂಡ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ಹಾಗಾಗಿ ಈ ಬರಹ.

ಮೊದಲು, ಬಣ್ಣದ ಮೋಡಚಿತ್ರವನ್ನು ಮಳೆ ಎಂದು ಓದುವ ಅಡ್ಡದಾರಿಯನ್ನು ಬಿಡಿ. ಅವಕೆಂಪು (ಇನ್ಫ್ರಾರೆಡ್) ಚಿತ್ರ ತೋರಿಸುವುದು ಮೋಡದ ನೆತ್ತಿ ಎಷ್ಟು ತಣ್ಣಗಿದೆ ಎಂಬುದನ್ನು ಮಾತ್ರ. ಎತ್ತರದ ತೆಳು ಮೋಡ ಬಹಳ ತಣ್ಣಗಿದ್ದೂ ಹನಿ ಸುರಿಸದಿರಬಹುದು. ಬೆಟ್ಟಕ್ಕೆ ತಾಗಿದ ತಗ್ಗಿನ ಮೋಡ ಬೆಚ್ಚಗಿದ್ದೂ ಧಾರಾಕಾರ ಸುರಿಯಬಹುದು. ಮೈಕ್ರೋವೇವ್ ಉಪಕರಣ ಮೋಡದ ಒಳಗಿನ ಹನಿ ಮತ್ತು ಹಿಮಕಣಗಳನ್ನೇ ಗ್ರಹಿಸುತ್ತದೆ. 1997ರಲ್ಲಿ ಹಾರಿದ ಟಿಆರ್‌ಎಂಎಂ ಎಂಬ ಉಪಗ್ರಹ ಮಳೆ ಅಳೆಯುವ ರಾಡಾರನ್ನು ಮೊದಲ ಬಾರಿಗೆ ಬಾಹ್ಯಾಕಾಶಕ್ಕೆ ಒಯ್ದಿತು. 2014ರಲ್ಲಿ ಬಂದ ಜಿಪಿಎಂ ಉಪಗ್ರಹದಲ್ಲಿ ಎರಡು ಆವರ್ತನಗಳ ರಾಡಾರ್ ಇದೆ.

ಇಂಥ ಹಲವು ಉಪಗ್ರಹಗಳ ಅಳತೆಗಳನ್ನು ಬೆಸೆದು ನಾಸಾ ಕೊಡುವ ಮಳೆ ದತ್ತಾಂಶವೇ ಐಮರ್ಗ್. ಅದರ 'ಅರ್ಲಿ' ಎಂಬ ತುರ್ತು ರೂಪ ಸುಮಾರು ನಾಲ್ಕು ಗಂಟೆಯಲ್ಲಿ ಸಿಗುತ್ತದೆ. ಪ್ರವಾಹದ ಎಚ್ಚರಿಕೆಗೆ ಅದು ಸರಿ. ಹವಾಮಾನ ಬದಲಾವಣೆಯ ಅಧ್ಯಯನಕ್ಕೆ 'ಫೈನಲ್' ಎಂಬ ಅಂತಿಮ ರೂಪವನ್ನು ಮಾತ್ರ ಬಳಸಿ, ತಿಂಗಳುಗಟ್ಟಲೆ ಕಾಯಬೇಕಾದರೂ ಸರಿ.

ಈಗ ನಿಜವಾದ ತೊಡಕು. ಪ್ರತಿ ಅರ್ಧ ಗಂಟೆಗೆ ಒಂದು ಫೈಲ್, ದಿನಕ್ಕೆ 48. ಫೈಲಿನಲ್ಲಿರುವುದು ಬಿದ್ದ ಮಳೆಯ ಮೊತ್ತವಲ್ಲ, ಗಂಟೆಗೆ ಎಷ್ಟು ಮಿ.ಮೀ. ಎಂಬ ದರ. ಒಂದು ಫೈಲಿನಲ್ಲಿ 10 ಎಂದಿದ್ದರೆ ಆ ಅರ್ಧ ಗಂಟೆಯಲ್ಲಿ ಬಿದ್ದದ್ದು 5 ಮಿ.ಮೀ. ಆದ್ದರಿಂದ ಪ್ರತಿ ಸಂಖ್ಯೆಯನ್ನೂ 0.5ರಿಂದ ಗುಣಿಸಿ, ಆಮೇಲೆ ಕೂಡಿಸಿ. ಗುಣಿಸಲು ಮರೆತರೆ ಮಳೆ ಇಮ್ಮಡಿಯಾಗುತ್ತದೆ. ನಕ್ಷೆ ಮಾತ್ರ ಎಂದಿನಂತೆಯೇ ಚೆಂದ ಕಾಣುವುದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಕೂಡಿಸುವ ಮುನ್ನ −9999.9 ಎಂದಿರುವ ಕಡೆಗಳನ್ನು ತೆಗೆದುಹಾಕಿ. ಅದು ದತ್ತಾಂಶವಿಲ್ಲ ಎಂಬ ಗುರುತು. ಅಲ್ಲಿ ಸೊನ್ನೆ ತುಂಬಬೇಡಿ: ಅಳೆಯದಿರುವುದು ಬೇರೆ, ಮಳೆಯಾಗದಿರುವುದು ಬೇರೆ.

ಗಡಿಯಾರವೂ ಅಷ್ಟೇ ಮುಖ್ಯ. ಫೈಲುಗಳ ಸಮಯ ಯುಟಿಸಿಯಲ್ಲಿದೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ. ನಿಮ್ಮ ಮಳೆಮಾಪಕವನ್ನು ದಿನವೂ ಯುಟಿಸಿ 03 ಗಂಟೆಗೆ ಓದುತ್ತಾರಾದರೆ, ಹಿಂದಿನ ದಿನದ 03ರಿಂದ ಆ ದಿನದ 03ರವರೆಗಿನ ಫೈಲುಗಳನ್ನು ಕೂಡಿಸಬೇಕು. ಸಿದ್ಧ ದೈನಿಕ ಫೈಲು ಯುಟಿಸಿ ಮಧ್ಯರಾತ್ರಿಗೆ ದಿನವನ್ನು ಕತ್ತರಿಸಿರುತ್ತದೆ. ಅದನ್ನು ಮಾಪಕದ ಪಕ್ಕ ಇಟ್ಟು 'ಉಪಗ್ರಹ ತಪ್ಪು' ಎಂದು ತೀರ್ಪು ಕೊಟ್ಟ ವರದಿಗಳನ್ನು ಓದಿದಾಗ ಸಂಕಟವಾಗುತ್ತದೆ.

ನಕ್ಷೆ ಬಿಡಿಸುವುದು ಸುಲಭ. ಅಕ್ಷಾಂಶ ರೇಖಾಂಶ ಅದಲುಬದಲಾಗಿಲ್ಲವೇ ಎಂದು ಕರಾವಳಿಯ ಗೆರೆ ಹಾಕಿ ನೋಡಿದರೆ ಸಾಕು.

ಕೊನೆಗೆ ಹೋಲಿಕೆ. ಐಮರ್ಗ್‌ನ ಒಂದು ಚೌಕ 0.1 ಡಿಗ್ರಿ, ಸಮಭಾಜಕದ ಬಳಿ ಸುಮಾರು 11 ಕಿ.ಮೀ. ಅಗಲ. ಮಳೆಮಾಪಕದ ಬಾಯಿ ಅಂಗೈಯಗಲಕ್ಕಿಂತ ತುಸು ದೊಡ್ಡದು. ಉಷ್ಣವಲಯದ ಗುಡುಗುಮಳೆ ಒಂದು ಬಯಲನ್ನು ತೋಯಿಸಿ ಪಕ್ಕದ್ದನ್ನು ಒಣಗಿದಂತೆಯೇ ಬಿಡುತ್ತದೆ. ಒಂದೇ ಮಾಪಕವನ್ನು ನಂಬದೆ, ಒಂದು ಚೌಕದೊಳಗೆ ಹಲವು ಮಾಪಕಗಳಿರುವ ಜಾಗವನ್ನು ಆರಿಸಿ. 'ಫೈನಲ್' ರೂಪವನ್ನು ಭೂಮಿಯ ಮೇಲಿನ ಮಾಪಕಗಳ ಮಾಸಿಕ ಮೊತ್ತದಿಂದ ತಿದ್ದಿರುತ್ತಾರೆ. ಆ ತಿದ್ದುಪಡಿಗೆ ಬಳಸಿದ ಮಾಪಕದಿಂದಲೇ ಪರೀಕ್ಷೆ ಮಾಡಿದರೆ ಉತ್ತರ ಹೊಂದಿಯೇ ಹೊಂದುತ್ತದೆ. ತಿದ್ದುಪಡಿಗೆ ಸೇರದ ಮಾಪಕ ಹುಡುಕಿ.