ಆಕಾಶಗಂಗೆ ಧೂಳಿನ ಹಿಂದ ಕ್ವೇಸಾರ್ ಹುಡುಕೂದು: ನನ್ನ ಅನುಭವ

ಮಳಿಗಾಲದಾಗ ಧಾರವಾಡದ ಆಕಾಶ ಕಾಣೂದ ಅಪರೂಪ, ಆದ್ರ ಈ ಕೆಲಸಕ್ಕ ಲ್ಯಾಪ್‌ಟಾಪು, ನೆಟ್ಟು ಇದ್ರ ಸಾಕ್ರಿ. ಕ್ವೇಸಾರ್ ಅಂದ್ರ ದೂರದ ಗ್ಯಾಲಕ್ಸಿ ನಡುವಿನ ದೈತ್ಯ ಕಪ್ಪುರಂಧ್ರದ ಸುತ್ತ ಕಾದು ಬೆಳಗೋ ಅನಿಲ, ನಮಗ ಬರೇ ನಕ್ಷತ್ರದಂಥ ಚುಕ್ಕಿ. ಬ್ಯಾರೆ ಕಡೆ ಲಕ್ಷಗಟ್ಟಲೆ ಸಿಕ್ಕಾವ, ಆಕಾಶಗಂಗೆ ಪಟ್ಟಿ ಹಿಂದ ಮಾತ್ರ ಭಾಳ ಕಡಿಮಿ. ಅಲ್ಲೇ ಬೇಕು ಯಾಕಂದ್ರ, ಅಷ್ಟು ದೂರದ್ದು ಅಲುಗಾಡೂದಿಲ್ಲ, ಅದನ್ನ ಗೂಟ ಮಾಡ್ಕೊಂಡು ನಮ್ಮ ನಕ್ಷತ್ರಗಳ ಚಲನೆ ಅಳೀಬಹುದು, ಮ್ಯಾಲ ಅದರ ಬೆಳಕು ಗ್ಯಾಲಕ್ಸಿಯ ಅನಿಲ ದಾಟಿ ಬರೋವಾಗ ಆ ಅನಿಲದ ಗುರುತೂ ಹೊತ್ಕೊಂಡು ಬರ್ತದ.

ಹೊಸಬರು ಧನು ರಾಶಿ ಕಡೆ ಹೋಗಬ್ಯಾಡ್ರಿ. ಗ್ಯಾಲಕ್ಸಿ ಕೇಂದ್ರದ ದಿಕ್ಕಿಗೆ ಧೂಳು ಸುಮಾರು 30 ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತಿ) ನುಂಗ್ತದ, ಅಂದ್ರ ಕಣ್ಣಿಗೆ ಕಾಣೋ ಬೆಳಕಿನಾಗ ಲಕ್ಷ ಕೋಟಿಗೆ ಒಂದು ಪಾಲು ಉಳೀತದ. ನಾ ಶುರು ಮಾಡಿದ್ದು ಅದರ ಎದುರಿನ ದಿಕ್ಕು, ಆರೈಗಾ ನಕ್ಷತ್ರಪುಂಜದ ಕಡೆ, ಅಲ್ಲಿ ಧೂಳು ಎಷ್ಟೋ ತೆಳ್ಳಗ.

ಮೊದಲ ಜರಡಿ ಗಾಯಾ ಉಪಗ್ರಹದ ಡೇಟಾ, 2022ರಾಗ ಬಂದ ಮೂರನೇ ಬಿಡುಗಡೆ, ಎಲ್ಲಾರಿಗೂ ಫ್ರೀ. ಪ್ಯಾರಲಾಕ್ಸು (ಭೂಮಿ ಸೂರ್ಯನ ಸುತ್ತ ತಿರಗೂದ್ರಿಂದ ಚುಕ್ಕಿ ಆಚೀಚೆ ಸರದಂಗ ಕಾಣೂದು), ಪ್ರಾಪರ್ ಮೋಷನ್ನು (ಆಕಾಶದಾಗ ಅದರ ಸ್ವಂತ ಚಲನೆ) ಎರಡೂ ಎರರ್ ಒಳಗ ಸೊನ್ನೆ ಇರೋವನ್ನ ಕ್ವೆರಿ ಬರದು ತಗೋತೀನಿ. ಆದ್ರ ಆಕಾಶಗಂಗೆ ಪಟ್ಟಿಯೊಳಗ ನಕ್ಷತ್ರ ಎಷ್ಟು ಕಿಕ್ಕಿರದಾವ ಅಂದ್ರ, ದೂರದ ಮಬ್ಬು ನಕ್ಷತ್ರಗಳೂ ನಿಂತಂಗ ಕಂಡು ರಾಶಿ ರಾಶಿ ಒಳಗ ನುಗ್ಗತಾವ, ಇದೊಂದನ್ನ ನಂಬಿದ್ರ ಆಗೂದಿಲ್ಲ.

ಹಂಗಾಗಿ ಟಾಪ್‌ಕ್ಯಾಟ್ ಅನ್ನೋ ಟೇಬಲ್ ಜೋಡಿಸೋ ಸಾಫ್ಟ್‌ವೇರ್‌ನಾಗ ವೈಸ್ ಉಪಗ್ರಹದ ಇನ್‌ಫ್ರಾರೆಡ್ ಯಾದಿ ಜೋಡಿ ಮ್ಯಾಚ್ ಮಾಡ್ತೀನಿ. 3.4 ಮತ್ತು 4.6 ಮೈಕ್ರಾನ್ ಬೆಳಕಿಗೆ ಧೂಳು ಅಷ್ಟಾಗಿ ಅಡ್ಡ ಬರೂದಿಲ್ಲ, ಎರಡರ ಹೊಳಪಿನ ವ್ಯತ್ಯಾಸ (ಇದಕ್ಕ ಬಣ್ಣ ಅಂತೀವಿ) 0.8 ಮ್ಯಾಗ್ನಿಟ್ಯೂಡ್‌ಗಿಂತ ಹೆಚ್ಚಿದ್ರ ಕ್ವೇಸಾರ್ ಇರೋ ಸಾಧ್ಯತೆ ಐತಿ. ಇಲ್ಲೇ ನನ್ನ ಹೆಚ್ಚಿನ ಹೊತ್ತು ಹೋಗೂದು. ವೈಸ್‌ನ ನೋಟ ಸುಮಾರು 6 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಾಗ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ದಪ್ಪ, ಬಾಜೂಕಿನ ಎರಡು ನಕ್ಷತ್ರ ಕೂಡಿ ಒಂದಾಗಿ ಬಣ್ಣಾನ ಸುಳ್ಳಾಗ್ತದ. ಈಗಷ್ಟೇ ಹುಟ್ಟಿದ ನಕ್ಷತ್ರಗಳು ಸುತ್ತಲಿನ ಬಿಸಿ ಧೂಳಿನಿಂದ ಹಿಂಗ ಕೆಂಪಗ ಕಾಣ್ತಾವ, ವಯಸ್ಸಾದ ಕಾರ್ಬನ್ ನಕ್ಷತ್ರಗಳೂ ಅಷ್ಟ. ಅದಕ್ಕ ಒಂದೊಂದನ್ನೂ ಅಲಾಡಿನ್ ಅನ್ನೋ ಆಕಾಶದ ನಕ್ಷೆ ಸಾಫ್ಟ್‌ವೇರ್‌ನಾಗ ತಗದು, ಪ್ಯಾನ್‌ಸ್ಟಾರ್ಸ್ ಟೆಲಿಸ್ಕೋಪಿನ ಚಿತ್ರದ ಮ್ಯಾಲ ಇಟ್ಟು ಕಣ್ಣಿಲೇ ನೋಡ್ತೀನಿ, ಸುತ್ತ ಅಂಥಾವ ಗುಂಪಾಗಿ ಇದ್ರ ಎಳೆ ನಕ್ಷತ್ರ ಅಂತ ಬಿಟ್ಟುಬಿಡ್ತೀನಿ.

ಆಮ್ಯಾಲ ರೇಡಿಯೋ. ರೇಡಿಯೋ ಅಲೆಗಳಿಗೆ ಧೂಳಿನ ಹಂಗಿಲ್ಲ, ಪುಣೆ ಹತ್ರ ಖೋಡದದ ಜಿಎಂಆರ್‌ಟಿ ರೇಡಿಯೋ ಟೆಲಿಸ್ಕೋಪಿನ 150 ಮೆಗಾಹರ್ಟ್ಸ್ ಸರ್ವೆಯೊಳಗ ಅದ ಜಾಗದಾಗ ಮೂಲ ಸಿಕ್ಕರ ನನಗ ಭಾಳ ಖುಷಿ ಆಗ್ತದ. ಸಿಗದಿದ್ರ ತಗದು ಒಗೀಬ್ಯಾಡ್ರಿ, ಯಾಕಂದ್ರ ಹೆಚ್ಚಿನ ಕ್ವೇಸಾರ್ ರೇಡಿಯೋದಾಗ ಮಂದನ.

ಇಷ್ಟಾದ್ರೂ ಅವು ಸಂಶಯದ ಹೆಸರುಗಳು, ತೀರ್ಮಾನ ಸ್ಪೆಕ್ಟ್ರಮ್ಮಿಂದ, ಅಂದ್ರ ಬೆಳಕನ್ನ ಬಣ್ಣಬಣ್ಣಾಗಿ ಬಿಡಿಸಿದಾಗ ಕಾಣೋ ಗೆರೆಗಳಿಂದ. 1963ರಾಗ ಖಗೋಳ ವಿಜ್ಞಾನಿ ಮಾರ್ಟೆನ್ ಶ್ಮಿಟ್ 3ಸಿ 273 ಅನ್ನೋ ಕ್ವೇಸಾರ್‌ನ ಗೆರೆಗಳು 16 ಪರ್ಸೆಂಟ್ ಕೆಂಪಿನ ಕಡೆ ಸರದಾವ ಅಂತ ಹಿಡದ್ರಲ್ಲ, ಇವತ್ತಿಗೂ ಅದ ದಾರಿ. ಆರೈಗಾ ದಿಕ್ಕಿಗೆ ಚೀನಾದ ಲ್ಯಾಮೋಸ್ಟ್ ಟೆಲಿಸ್ಕೋಪು ಸಾಕಷ್ಟು ಸ್ಪೆಕ್ಟ್ರಮ್ ತಗದೈತಿ, ಪಬ್ಲಿಕ್ ಆದವನ್ನ ಮೊದಲ ನೋಡ್ತೀನಿ. ಧೂಳು ನೀಲಿ ಭಾಗಾನ ಹೆಚ್ಚು ತಿಂದುಬಿಡೂದ್ರಿಂದ ಎಷ್ಟೋ ಸಲ ಒಂದ ಅಗಲ ಗೆರೆ ಉಳೀತದ, ಅದು ಮೆಗ್ನೀಸಿಯಮ್ಮೋ ಹೈಡ್ರೋಜನ್ನೋ ತಿಳಿಯೂದಿಲ್ಲ. ಎರಡು ಗೆರೆ ಸಿಕ್ಕು ಎರಡಕ್ಕೂ ಒಂದ ರೆಡ್‌ಶಿಫ್ಟ್ (ಕೆಂಪಿನ ಕಡೆ ಸರದ ಪ್ರಮಾಣ) ಕೂಡಿ ಬರೋತನಕ ನಾ ಕ್ವೇಸಾರ್ ಅಂತ ಬರಿಯೂದಿಲ್ಲ. ಕೈಬಿಟ್ಟವನ್ನೂ ಅಳಸೂದಿಲ್ಲ, ಯಾಕ ಬಿಟ್ಟೆ ಅನ್ನೂದನ್ನ ಬಾಜೂಕ ಒಂದು ಕಾಲಮ್‌ನಾಗ ಬರದಿಡ್ತೀನಿ, ಗಾಯಾದ ನಾಲ್ಕನೇ ಬಿಡುಗಡೆ ಬಂದಾಗ ಅವನ್ನೂ ಮತ್ತ ಜರಡಿಗೆ ಹಾಕಬೇಕಲ್ಲ.